ಒಣಗಕ್ಕನ ತೊಳೆಕಟ್ಟೆ

ಅವಳ ಬಾಯಿಂದ ಬರುತ್ತಿದ್ದ ಮೊದಲ ಮಾತೇ "ಒಣಗಿದ್ಯಾ?" ಎಂಬುದು. ನಮಸ್ಕಾರವಿಲ್ಲ, ಚೆನ್ನಾಗಿದ್ದೀರಾ ಎಂದಿಲ್ಲ. ದೋಣಿ ಹೇರಿಕೊಂಡ ಗಾಡಿ, ದೋಣಿ ನೀರಿಗಿಳಿಸುವ ಸರೋವರದ ಇಳಿಜಾರಿಗೆ ಬಂದು ನಿಲ್ಲುವುದೇ ತಡ, ಟಾರ್ಚು ಹಿಡಿದು ದೋಣಿಯ ಹೊಟ್ಟೆಯಡಿಗೆ ನುಗ್ಗುತ್ತಿದ್ದಳು. ಅಲ್ಲಿಂದಲೇ ಕೂಗು: "ಒಣಗಿದ್ಯಾ?" ಹೀಗೆ ದೋಣಿಯವರ ಬಾಯಲ್ಲಿ ಅವಳು ಒಣಗಕ್ಕನಾದಳು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದುಕೊಂಡಿತು. ಆಳು ನೋಡಿದರೆ ಒಣಗಿದವಳೇನಲ್ಲ. ತುಂಬಿದ ಮೈ, ಅದಕ್ಕಿಂತ ತುಂಬಿದ ಬಾಯಿ.

ಈ ಒಣಗಿಸುವ ಗೋಳು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಒಂದಕ್ಕಿಂತ ಒಂದು ಎತ್ತರದಲ್ಲಿ ಮೂರು ಸರೋವರಗಳಿವೆ. ಕೆಳಗಿನದು ಬಲು ದೊಡ್ಡದು, ಈ ದಡದಲ್ಲಿ ನಿಂತರೆ ಆ ದಡ ಕಾಣದು. ನಡುವಿನದು ಅದರ ಅರ್ಧದಷ್ಟಿದ್ದೀತು. ಊರು ಕುಡಿಯುವುದು ಅದರ ನೀರನ್ನೇ. ಅದಕ್ಕೂ ಮೇಲೆ, ಬೆಟ್ಟದ ಬೆನ್ನಿಗೆ ಆತುಕೊಂಡು ಇನ್ನೊಂದು ಪುಟ್ಟದು. ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಕೆಳಗಿನದೇನಾದರೂ ಮೇಲಕ್ಕೆ ಹೋಗಬೇಕಾದರೆ ರಸ್ತೆಯೇ ಗತಿ.

ಕೆಳಗಿನ ಸರೋವರಕ್ಕೆ ಎಲ್ಲಿಂದಲೋ ಪಟ್ಟೆಚಿಪ್ಪು ಎಂಬ ಪೀಡೆ ಬಂದು ವಕ್ಕರಿಸಿತ್ತು. ಉಗುರಿನಷ್ಟು ಗಾತ್ರ, ಬೆನ್ನ ಮೇಲೆ ಕಂದು ಪಟ್ಟೆ. ಮರಿಯಾಗಿದ್ದಾಗ ಕಣ್ಣಿಗೇ ಕಾಣದೆ ನೀರಲ್ಲಿ ತೇಲುತ್ತಿರುತ್ತದೆ. ಬಲಿತ ಮೇಲೆ ಕಲ್ಲು, ಕಂಬ, ಪೈಪು, ದೋಣಿ ಎನ್ನದೆ ಸಿಕ್ಕಿದ್ದಕ್ಕೆಲ್ಲ ಕಚ್ಚಿಕೊಂಡು ಪದರ ಪದರವಾಗಿ ಕೂರುತ್ತದೆ. ನೀರಿನ ಸತ್ವವನ್ನೆಲ್ಲ ಸೋಸಿ ತಿಂದುಬಿಡುತ್ತದೆ. ಆಮೇಲೆ ನೋಡಿ, ನೀರು ಗಾಜಿನಷ್ಟು ತಿಳಿ! ಜನ "ಆಹಾ, ಎಷ್ಟು ಸ್ವಚ್ಛ" ಎಂದು ಫೋಟೋ ತೆಗೆದುಕೊಳ್ಳುತ್ತಾರೆ, ಒಳಗೆ ಮೀನುಮರಿಗಳು ಹೊಟ್ಟೆಗಿಲ್ಲದೆ ಸಾಯುತ್ತಿರುತ್ತವೆ. ಒಮ್ಮೆ ಬಂದರೆ ಮುಗಿಯಿತು, ಕಿತ್ತು ಹಾಕುವ ಉಪಾಯ ಯಾರ ಬಳಿಯೂ ಇಲ್ಲ. ಬಾರದಂತೆ ತಡೆಯುವುದೊಂದೇ ದಾರಿ. ಅದಕ್ಕೆಂದೇ ಸರೋವರದ ಕಚೇರಿಯವರು ನಡುವಿನ ಸರೋವರದ ಇಳಿಜಾರಿನಲ್ಲಿ ತೊಳೆಕಟ್ಟೆಯೊಂದನ್ನು ಕಟ್ಟಿ ಒಣಗಕ್ಕನನ್ನು ಕೂರಿಸಿದ್ದರು. ಕೆಳಗಿನಿಂದ ಬಂದ ದೋಣಿಗೆ ಬಿಸಿನೀರು ಹೊಡೆದು ತೊಳೆಯಬೇಕು, ಒಣಗಿಸಬೇಕು, ಆಮೇಲೆ ನೀರಿಗೆ ಬಿಡಬೇಕು. ಕೆಲಸ ಇಷ್ಟೇ.

ಇಷ್ಟೇ ಕೆಲಸವನ್ನು ಅವಳು ಜೀವ ತೇಯ್ದು ಮಾಡುತ್ತಿದ್ದುದಕ್ಕೆ ಕಾರಣವಿತ್ತು. ಅವಳು ಹುಟ್ಟಿದ್ದು ಕೆಳಗಿನ ಸರೋವರದ ದಡದಲ್ಲಿ. ಅಪ್ಪ ದೋಣಿ ಕಟ್ಟುವ ಬಡಗಿ. ಚಿಕ್ಕವಳಿದ್ದಾಗ ಬರಿಗಾಲಲ್ಲಿ ಓಡಿ ನೀರಿಗೆ ಬೀಳುತ್ತಿದ್ದ ದಡದಲ್ಲಿ ಈಗ ಕಾಲಿಟ್ಟರೆ ಅಂಗಾಲು ಸೀಳುತ್ತದೆ, ಅಷ್ಟು ಚಿಪ್ಪು. ಮೀನು ಹೋಯಿತು, ಮೀನಿನ ಹಿಂದೆ ಬಲೆಯವರು ಹೋದರು, ಅವರ ಹಿಂದೆ ದೋಣಿ ಕಟ್ಟಿಸುವವರೂ ಹೋದರು. ಅಪ್ಪ ಉಳಿ, ಸುತ್ತಿಗೆ ಕಟ್ಟಿಕೊಂಡು ಮಗಳು ಅಳಿಯನ ಮನೆ ಸೇರಿದ. ಒಂದು ಸರೋವರ ಸತ್ತಿದ್ದನ್ನು ಕಣ್ಣಾರೆ ಕಂಡಾಯಿತು, ಇನ್ನೊಂದನ್ನು ಕಾಣುವ ಕರ್ಮ ತನಗೆ ಬೇಡ ಎನ್ನುತ್ತಿದ್ದಳು.

ಆದರೆ ಕೇಳುವವರು ಯಾರು? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಪ್ರವಾಸಿಗರನ್ನು ಸುತ್ತಾಡಿಸುವ ಗಡ್ಡದವನೊಬ್ಬನಿದ್ದ. ಅವನ ಫೈಬರ್ ದೋಣಿಗಳು ಇವತ್ತು ಈ ಸರೋವರದಲ್ಲಿದ್ದರೆ ನಾಳೆ ಆ ಸರೋವರದಲ್ಲಿ. ಅವನು ಬಂದನೆಂದರೆ ಜಗಳ ಗ್ಯಾರಂಟಿ.

"ಅಕ್ಕಾ, ದೋಣಿನ ಒಣಗಿಸು ಅಂತೀಯಲ್ಲ, ಮೀನಿಗೂ ಟವೆಲ್ ಕೊಡ್ತೀಯಾ?"

"ನಿನ್ನ ನಾಲಿಗೆಗೆ ಕೊಡ್ತೀನಿ, ಮೊದಲು ದೋಣಿ ಇಳಿಸು."

"ಗಿರಾಕಿಗಳು ಕಾಯ್ತಿದಾರೆ ಮಾರಾಯ್ತಿ!"

"ಕಾಯ್ಲಿ. ಸರೋವರ ಸತ್ರೆ ಅವರೇನು ನಿನ್ನ ಮುಖ ನೋಡೋಕೆ ಬರ್ತಾರಾ?"

ಗಂಡನಿಗೆ ಪಂಕ್ಚರ್ ಅಂಗಡಿ. ದೋಣಿ ಗಾಡಿಗಳ ಟೈರು ಹಾಕಿಸಿಕೊಳ್ಳಲು ಎಲ್ಲರೂ ಬರುವುದು ಅಲ್ಲಿಗೇ. "ನೀನು ಅಲ್ಲಿ ಬೈದು ಕಳಿಸ್ತೀಯ, ಅವರು ಬಂದು ನನ್ನ ಅಂಗಡೀಲಿ ಬೈತಾರೆ. ಟೈರಿಗಿಂತ ನನ್ನ ಕಿವಿಗೇ ಜಾಸ್ತಿ ಗಾಳಿ ಹೊಡೀತಾರೆ ಕಣೇ" ಎಂದು ಅವನು ನಗುತ್ತಿದ್ದ. ಒಳ್ಳೆಯ ಮನುಷ್ಯ. ಬೇರೆ ಯಾರಾದರೂ ಆಗಿದ್ದರೆ ಯಾವಾಗಲೋ ಕೈಮುಗಿದಿರುತ್ತಿದ್ದರು.

ದೋಣಿಯವರ ಕಾಟ ಒಂದಾದರೆ ಕಚೇರಿಯದು ಇನ್ನೊಂದು. ತೊಳೆಕಟ್ಟೆ ಎಂದು ಕಟ್ಟಿದರಲ್ಲ, ಅದರ ನಲ್ಲಿಯಲ್ಲಿ ನೀರೇ ಬರುತ್ತಿರಲಿಲ್ಲ. ಎದುರಿಗೆ ಸಮುದ್ರದಷ್ಟು ನೀರು, ಕೈಯಲ್ಲಿ ಖಾಲಿ ಪೈಪು! ಎದುರಿನ ನೀರಿಗೆ ಪಂಪು ಹಾಕೋಣವೆಂದರೆ ಅದಕ್ಕೆ ಅನುಮತಿ ಇಲ್ಲ. ಒಣಗಕ್ಕ ಕಚೇರಿಗೆ ಹೋದಳು, ಬಂದಳು, ಮತ್ತೆ ಹೋದಳು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದಾಗ ಬಾಗಿಲ ಮುಂದಿನ ಬೆಂಚಿನಲ್ಲಿ ಬುತ್ತಿ ಬಿಚ್ಚಿ ಊಟ ಮಾಡುತ್ತ ಕೂತಳು. ಕೊನೆಗೆ ಅವಳ ಕಾಟ ತಾಳಲಾರದೆ ಸಾಹೇಬರು ಟ್ಯಾಂಕರ್ ಗೊತ್ತು ಮಾಡಿದರು.

ಮೊದಲ ಸಲ ಟ್ಯಾಂಕರ್ ಬಂದು ಕಟ್ಟೆಯ ಪಕ್ಕದ ಸಿಮೆಂಟು ತೊಟ್ಟಿಗೆ ನೀರು ಸುರಿದಾಗ ಅವಳ ಮುಖ ನೋಡಬೇಕಿತ್ತು. ಅಂಗೈಯಲ್ಲಿ ನೀರು ಹಿಡಿದು ನೋಡಿ, "ಅಬ್ಬಾ, ಎಂಥಾ ತಿಳಿನೀರಣ್ಣಾ!" ಎಂದು ಟ್ಯಾಂಕರಿನವನಿಗೆ ಸಿಹಿ ಕೊಟ್ಟಳು. ಅವನು ಆ ವರ್ಷವಷ್ಟೇ ಬೇರೆ ಕಡೆಯಿಂದ ಬಂದ ಸಾಧು ಪ್ರಾಣಿ. ಹೊಗಳಿಕೆಗೆ ನಾಚಿ, ಇನ್ನು ಮುಂದೆ ಇದಕ್ಕಿಂತ ತಿಳಿನೀರು ತರುತ್ತೇನೆ ಎಂದು ಹೇಳಿ ಹೋದ. ನನ್ನ ಬದುಕಿನಲ್ಲಿ ಹೋರಾಡಿ ಗೆದ್ದದ್ದು ಅಂತ ಇದೊಂದೇ ಎಂದು ಅವಳು ಮನೆಯಲ್ಲಿ ಎಷ್ಟು ಸಲ ಹೇಳಿದಳೋ.

ನೀರು ಬಂತು. ಅದರ ಹಿಂದೆಯೇ ನೀರು ಕಾಯಿಸುವ ಯಂತ್ರ ಕೆಟ್ಟಿತು. ಹೊಸದು ಬರುತ್ತದೆ, ಬರುತ್ತದೆ ಎಂದರು. ಬರಲಿಲ್ಲ. ಅಲ್ಲಿಯವರೆಗೆ ಏನು ಮಾಡಬೇಕೆಂದು ಸಾಹೇಬರು ಹೊಸ ನಿಯಮ ಕಳಿಸಿದರು. ಫೈಬರ್ ದೋಣಿಗಾದರೆ ತಣ್ಣೀರು ಹೊಡೆದು, ಬಟ್ಟೆಯಲ್ಲಿ ಒರೆಸಿ ಬಿಡಬಹುದು. ಮರದ ದೋಣಿಗಾದರೆ ಸಂದಿಯಲ್ಲಿ ತೇವ ಉಳಿಯುತ್ತದೆ, ಆದ್ದರಿಂದ ಬೇಸಿಗೆಯಿಡೀ ಬಿಸಿಲಲ್ಲಿ ಒಣಗಿಸಲೇಬೇಕು. ಒಣಗಕ್ಕನಿಗೆ ಸಿಟ್ಟು ನೆತ್ತಿಗೇರಿತು. ತಣ್ಣೀರು ಹೊಡೆದು ಬಿಡುವುದಾದರೆ ನಾನು ಯಾಕೆ, ಮಳೆ ಬಂದರೂ ಆಗುತ್ತಿತ್ತಲ್ಲ ಎಂದಳು. ಆದರೂ ನಿಯಮ ನಿಯಮವೇ. ಇಷ್ಟಾದರೂ ಇರಲಿ ಎಂದು ಪೈಪು ಹಿಡಿದಳು. ತೊಳೆದ ನೀರು ಇಂಗುಗುಂಡಿಗೆ ಹೋಗಬೇಕಿತ್ತು. ಗುಂಡಿ ತುಂಬಿ, ಇಳಿಜಾರಿನ ಅಂಚಿನಲ್ಲಿ ಸಣ್ಣಗೆ ಹರಿದು ಸರೋವರಕ್ಕೇ ಇಳಿಯುತ್ತಿತ್ತು. ಅದಕ್ಕೂ ಅರ್ಜಿ ಕೊಟ್ಟಿದ್ದಳು. ಅರ್ಜಿ ಎಲ್ಲಿ ಇಂಗಿತೋ ದೇವರಿಗೇ ಗೊತ್ತು.

ಅಂಥ ಹೊತ್ತಿನಲ್ಲೇ ಅಪ್ಪ ಬಂದ, ತನ್ನ ಮರದ ದೋಣಿಯನ್ನು ಗಾಡಿಯ ಮೇಲೆ ಹೇರಿಕೊಂಡು. ಕೆಳಗಿನ ಸರೋವರದಲ್ಲಿ ಅವನ ತಮ್ಮನೊಬ್ಬ ಇನ್ನೂ ಹಟ ಹಿಡಿದು ಬಲೆ ಹಾಕುತ್ತಿದ್ದ. ಅವನ ಸಹಾಯಕ್ಕೆಂದು ದೋಣಿ ತೆಗೆದುಕೊಂಡು ಹೋಗಿದ್ದ ಮುದುಕ ಈಗ ವಾಪಸಾಗಿದ್ದ. ಒಣಗಕ್ಕ ದೋಣಿಯೊಳಗೆ ಬಗ್ಗಿ ನೋಡಿದರೆ ತಳದಲ್ಲಿ ಬೊಗಸೆಯಷ್ಟು ನೀರು.

ಇದು ಮರದ ದೋಣಿಯವರ ಪದ್ಧತಿ. ಎಲ್ಲಿಗೇ ಹೋಗಲಿ, ದೋಣಿಯ ಹೊಟ್ಟೆಯಲ್ಲಿ ಒಂದಿಷ್ಟು ನೀರು ಉಳಿಸಿಕೊಂಡೇ ಹೋಗುತ್ತಾರೆ. ತೇವವಿದ್ದರೆ ಹಲಗೆ ಉಬ್ಬಿ ಸಂದಿ ಮುಚ್ಚಿರುತ್ತದೆ. ಒಣಗಿದರೆ ಹಲಗೆ ಕುಗ್ಗುತ್ತದೆ, ಬಿರಿಯುತ್ತದೆ, ಮೊಳೆ ಸಡಿಲವಾಗುತ್ತದೆ.

"ಅಪ್ಪಾ, ಇದನ್ನ ಒಣಗಿಸ್ಬೇಕು."

"ಒಣಗಿಸಿದ್ರೆ ಸಾಯುತ್ತೆ ಕಣೇ. ನೀರೆಲ್ಲ ಬಸಿದು ಒರೆಸಿ ಕೊಡ್ತೀನಿ. ಹಲಗೆ ತೇವ ಇರ್ಲಿ ಸಾಕು."

"ಹಲಗೆ ತೇವ ಇದ್ರೆ ಚಿಪ್ಪಿನ ಮರೀನೂ ಬದುಕಿರುತ್ತಲ್ಲಪ್ಪಾ."

"ನಿನ್ನ ತೊಟ್ಟಿಲು ಕಟ್ಟಿದ ಮರದಲ್ಲೇ ಇದನ್ನೂ ಕಟ್ಟಿದ್ದು ನಾನು. ಮರದ ವಿಷಯ ನೀನು ನನಗೆ ಹೇಳಿಕೊಡ್ತೀಯಾ?"

ಗಡ್ಡದವನು ಪಕ್ಕದಲ್ಲೇ ನಿಂತು ಮಜಾ ನೋಡುತ್ತಿದ್ದ. "ಅಪ್ಪನಾದ್ರೆ ಬಿಡ್ತಾಳೆ ಬಿಡಿ" ಎಂದು ಹಿಂದಿನವನಿಗೆ ಕಣ್ಣು ಹೊಡೆದ. ಆ ಒಂದು ಮಾತು ಸಾಕಾಯಿತು. ಒಣಗಕ್ಕ ನಾಲ್ಕು ಜನರನ್ನು ಕರೆದು ಅಪ್ಪನ ದೋಣಿಯನ್ನು ಕಟ್ಟೆಯ ಅಂಗಳದಲ್ಲಿ ಬೋರಲು ಹಾಕಿಸಿದಳು. ಅಪ್ಪ ನಡೆದುಕೊಂಡೇ ಮನೆಗೆ ಹೋದ.

ಬೇಸಿಗೆ ಕಳೆಯುವಷ್ಟರಲ್ಲಿ ದೋಣಿ ಹಲ್ಲು ಕಿರಿದಿತ್ತು. ಹಲಗೆ ಹಲಗೆಯ ನಡುವೆ ಬೆರಳು ತೂರುವಷ್ಟು ಸಂದಿ. ಇನ್ನು ನೀರಿಗಿಟ್ಟು ಉಬ್ಬಿಸೋಣವೆಂದರೂ ಹಳೆಯ ಮರ ಉದ್ದಕ್ಕೂ ಸೀಳಿತ್ತು. ಅಪ್ಪ ಒಂದು ಸಲ ಬಂದು, ಕೈಯಾಡಿಸಿ ನೋಡಿ ಹೋದ. ಅವತ್ತಿನಿಂದ ಮಗಳ ಜೊತೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಅಡುಗೆ, ಮಾತು ಮಾತ್ರ ಅಳಿಯನ ಮೂಲಕ. "ನಿನ್ನ ಹೆಂಡ್ತಿಗೆ ಹೇಳಪ್ಪಾ, ಉಪ್ಪು ಕಮ್ಮಿ ಅಂತ." ಅಳಿಯ ಪಕ್ಕಕ್ಕೆ ತಿರುಗಿ, "ಉಪ್ಪು ಕಮ್ಮಿಯಂತೆ" ಎನ್ನುತ್ತಿದ್ದ. "ಸಕ್ಕರೆ ಬೆರೆಸಿದ್ರೂ ನಿಮ್ಮ ಮಾವನಿಗೆ ರುಚಿಸಲ್ಲ ಅಂತ ಹೇಳಿ" ಎಂದು ಅವಳು ತಟ್ಟೆ ಕುಕ್ಕುತ್ತಿದ್ದಳು. ಆಮೇಲೆ ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಪ್ಪನ ದೋಣಿ ಹೋದರೆ ಹೋಗಲಿ, ಸರೋವರ ಉಳಿಯಿತಲ್ಲ! ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಸಮಾಧಾನ ಇದೊಂದೇ.

ಆ ಸಮಾಧಾನವೂ ಉಳಿಯಲಿಲ್ಲ.

ಟ್ಯಾಂಕರ್ ರಿಪೇರಿಗೆ ಹೋಗಿ ಕೆಲವು ದಿನ ನೀರು ಬರಲಿಲ್ಲ. ತೊಟ್ಟಿ ತಳ ಕಂಡಿತು. ಬಿಡುವಿದ್ದಾಗ ತಿಕ್ಕಿಬಿಡೋಣ ಎಂದು ಒಣಗಕ್ಕ ಪೊರಕೆ ಹಿಡಿದು ತೊಟ್ಟಿಗಿಳಿದಳು. ಮೇಲೆ ಮುಚ್ಚಳ, ಒಳಗೆ ಕತ್ತಲು. ಗೋಡೆಗೆ ಕೈಯಿಟ್ಟರೆ ಚುರುಕ್ಕೆಂದಿತು. ಸಿಮೆಂಟು ಎದ್ದಿರಬೇಕು ಎಂದುಕೊಂಡು ಉಗುರಿನಿಂದ ಕಿತ್ತು, ಬೆಳಕಿಗೆ ಹಿಡಿದು ನೋಡಿದಳು. ಉಗುರಿನಷ್ಟು ಗಾತ್ರ. ಬೆನ್ನ ಮೇಲೆ ಕಂದು ಪಟ್ಟೆ.

ಟಾರ್ಚು ತಂದು ಬೆಳಕು ಬಿಟ್ಟಳು. ಮೂಲೆಗಳಲ್ಲಿ, ಪೈಪಿನ ಬಾಯಲ್ಲಿ ಗುಂಪು ಗುಂಪಾಗಿ ಕೂತಿದ್ದವು. ಅವಳು ಆ ಒದ್ದೆ ತಳದಲ್ಲೇ ಕೂತಳು.

ಆಮೇಲೆ ಟ್ಯಾಂಕರಿನವನಿಗೆ ಫೋನು ಮಾಡಿದಳು. "ಅಣ್ಣಾ, ನಮಗೆ ನೀರು ಎಲ್ಲಿಂದ ತುಂಬ್ತಿದ್ದೆ?"

"ಕೆಳಗಿನ ಸರೋವರದಿಂದ ಅಕ್ಕಾ. ಊರಿನ ನೀರಿನ ಘಟಕದಲ್ಲಿ ತುಂಬು ಅಂದಿದ್ರು, ಅಲ್ಲಿ ಅರ್ಧ ದಿನ ಕ್ಯೂ. ಕೆಳಗಾದ್ರೆ ಪಂಪು ಹಾಕಿದ ಕೂಡಲೇ ತುಂಬುತ್ತೆ. ಅದೂ ದಡದ ನೀರಲ್ಲ, ಕೆಸರು ಬರಬಾರದು ಅಂತ ಪೈಪನ್ನ ಆಳಕ್ಕೆ ಬಿಡ್ತೀನಿ. ನೀವೇ ಹೇಳಿದ್ರಲ್ಲ, ಎಂಥಾ ತಿಳಿನೀರು ಅಂತ!"

"ಮೊದಲ ದಿನದಿಂದ್ಲೂ?"

"ಮೊದಲ ದಿನದಿಂದ್ಲೂ. ಯಾಕಕ್ಕಾ, ತೊಳೆಯೋಕೆ ತಾನೇ?"

ಅವನನ್ನು ಏನೆಂದು ಬೈಯುವುದು? ಗಡ್ಡದವನಿಂದ ಹಿಡಿದು ಕಟ್ಟೆ ನೋಡಲು ಬರುತ್ತಿದ್ದ ಶಾಲೆಯ ಮಕ್ಕಳವರೆಗೆ ಊರಿಗೆಲ್ಲ ಪಾಠ ಹೇಳಿದವಳು ಟ್ಯಾಂಕರಿನವನಿಗೊಂದು ಹೇಳಿರಲಿಲ್ಲ. ಅವನ ಬಳಿ ದೋಣಿ ಇರಲಿಲ್ಲವಲ್ಲ! ತಿಳಿನೀರನ್ನು ನಂಬಬೇಡಿ ಎಂದು ಮಕ್ಕಳಿಗೆ ಕಲಿಸುತ್ತಿದ್ದ ಇದೇ ಬಾಯಿ ಆ ನೀರನ್ನು ಹೊಗಳಿತ್ತು. ಅಂಗಲಾಚಿ, ಜಗಳವಾಡಿ ತರಿಸಿಕೊಂಡ ನೀರು. ಕಾಯಿಸದೆ ದೋಣಿ ದೋಣಿಗೂ ಹೊಡೆದ ನೀರು. ಗುಂಡಿ ತುಂಬಿ ಸರೋವರಕ್ಕೆ ಹರಿದ ನೀರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಗುಂಡಿಯ ನೀರು ಸರೋವರಕ್ಕೆ ಬೀಳುವ ಜಾಗಕ್ಕೆ ಹೋಗಿ, ಮೊಣಕಾಲುದ್ದ ನೀರಿಗಿಳಿದು, ಕಲ್ಲುಗಳ ಅಡಿಗೆ ಕೈ ಹಾಕಿದಳು. ಮೊದಲ ಕಲ್ಲು ನುಣುಪಾಗಿತ್ತು. ಅಬ್ಬಾ ಎಂದಳು. ಎರಡನೆಯದೂ ನುಣುಪು. ಮೂರನೆಯದು ಬೆರಳು ಕೊಯ್ಯಿತು.

ಸಾಹೇಬರಿಗೆ ಫೋನು ಮಾಡಿದರೆ ಅವರು ಎಲ್ಲವನ್ನೂ ಕೇಳಿಸಿಕೊಂಡು ದೊಡ್ಡದೊಂದು ಉಸಿರುಬಿಟ್ಟರು. "ನೋಡಮ್ಮಾ, ಪರೀಕ್ಷೆ ಮಾಡಿಸೋಣ. ಆದ್ರೆ ಬೆಟ್ಟದ ಸರೋವರದಲ್ಲಿ ದೋಣಿ ಪಂದ್ಯ ಇಟ್ಕೊಂಡಿದೀವಿ. ನಾಳೆ ಬೆಳಿಗ್ಗೆ ನಿಮ್ಮ ಇಳಿಜಾರಿಂದಲೇ ಎಲ್ಲಾ ದೋಣಿ ಮೇಲೆ ಹೋಗ್ಬೇಕು. ಅದು ಮುಗೀಲಿ. ಅಲ್ಲಿತನಕ ಬಾಯಿ ಬಿಡ್ಬೇಡಿ."

"ಅದು ಮುಗಿಯೋ ಹೊತ್ತಿಗೆ ಮೇಲಿನದೂ ಮುಗಿದಿರುತ್ತೆ ಸರ್!"

"ತಂದಿದ್ದು ನಿಮ್ಮ ಕಟ್ಟೆಯೇ ಅಂತ ಗೊತ್ತಾದ್ರೆ ಮೊದಲು ಹೋಗೋದು ಯಾರ ಕೆಲಸ? ಸ್ವಲ್ಪ ಯೋಚ್ನೆ ಮಾಡಿ."

ಯೋಚನೆ ಮಾಡುವುದಕ್ಕೆ ಅವಳ ತಲೆಯಲ್ಲಿ ಜಾಗವೇ ಇರಲಿಲ್ಲ. ಸಂಜೆ ಮನೆಗೆ ಹೋದಳು. ಅಪ್ಪ ಹಜಾರದಲ್ಲಿ ಕೂತು ಉಳಿ ಮಸೆಯುತ್ತಿದ್ದ. ಕಟ್ಟಲು ದೋಣಿಯಿಲ್ಲ, ಆದರೂ ದಿನಾ ಮಸೆಯುತ್ತಿದ್ದ. ಒಣಗಕ್ಕ ಅವನೆದುರು ನೆಲದ ಮೇಲೆ ಕೂತು, ಗಂಡನ ಮಧ್ಯಸ್ಥಿಕೆ ಇಲ್ಲದೆ, ತೊಟ್ಟಿಯಿಂದ ಹಿಡಿದು ಸಾಹೇಬರವರೆಗೆ ಎಲ್ಲವನ್ನೂ ಹೇಳಿದಳು. ಅಪ್ಪನ ಕೈ ನಿಂತಿತು.

"ಆ ನೀರನ್ನ ನನ್ನ ದೋಣಿಗೂ ಹೊಡೆದ್ಯಾ?" ಅಷ್ಟು ತಿಂಗಳ ಮೇಲೆ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು.

"ಇಲ್ಲಪ್ಪಾ. ನಿನ್ನದನ್ನ ಒಣಗಿಸಿದೆ ಅಷ್ಟೇ."

 "ಅಂದ್ರೆ ಈ ಸರೋವರಕ್ಕೆ ಏನೂ ಕೆಡುಕು ಮಾಡದ ದೋಣಿ ಅಂದ್ರೆ ಅದೊಂದೇ. ಅದನ್ನೇ ಕೊಂದ್ಯಲ್ಲೇ."

ಬಾಗಿಲಲ್ಲಿ ನಿಂತಿದ್ದ ಗಂಡ ತಲೆ ತಗ್ಗಿಸಿದ. ಒಣಗಕ್ಕ ಗೋಡೆಗೆ ಒರಗಿ ಗೊಳೋ ಎಂದು ಅತ್ತಳು. ಅಪ್ಪ ಸಮಾಧಾನ ಮಾಡಲಿಲ್ಲ. ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ಡಾಂಬರಿನ ಡಬ್ಬಿ ಮತ್ತು ಕುಂಚ ಹುಡುಕಿ ತಂದು ಬಾಗಿಲ ಬಳಿ ಇಟ್ಟ. "ಬೆಳಿಗ್ಗೆ ಬೇಗ ಹೋಗೋಣ. ಅಳಿಯಂದ್ರೇ, ನೀವೂ ಬನ್ನಿ, ಭಾರ ಇದೆ" ಎಂದ.

ಬೆಳಿಗ್ಗೆ ಮೂವರೂ ಸೇರಿ ಬೋರಲು ಬಿದ್ದಿದ್ದ ದೋಣಿಯನ್ನು ಎತ್ತಿ, ಎಳೆದು, ಇಳಿಜಾರಿಗೆ ಅಡ್ಡವಾಗಿ ನಿಲ್ಲಿಸಿದರು. ಇಳಿಜಾರಿನ ಎರಡು ಬದಿಯ ಕಂಬಗಳ ನಡುವೆ ಸರಿಯಾಗಿ ಕೂತಿತು. "ನೀರಿಗಂತೂ ಬರ್ಲಿಲ್ಲ, ದಾರಿಗೆ ಅಡ್ಡ ಆದ್ರೂ ಬರ್ಲಿ" ಎಂದ ಅಪ್ಪ. ರಸ್ತೆಯ ಕಡೆ ಮುಖ ಮಾಡಿ ಒಂದು ಬೋರ್ಡಿತ್ತು: ಒಳಗೆ ಬರುವ ದೋಣಿಗಳು ಇಲ್ಲಿ ನಿಲ್ಲಬೇಕು. ಅದನ್ನು ಕಿತ್ತು, ಸರೋವರದ ಕಡೆಗೆ ತಿರುಗಿಸಿ ನೆಟ್ಟರು. "ಒಳಗೆ ಬರುವ" ಎಂಬುದರ ಮೇಲೆ ಅಪ್ಪ ಡಾಂಬರು ಬಳಿದ. ಅದರ ಮೇಲ್ಗಡೆ ಸೊಟ್ಟಂಬಟ್ಟೆ ಅಕ್ಷರದಲ್ಲಿ "ಹೊರಗೆ ಹೋಗುವ" ಎಂದು ಬರೆದ.

ಪಂದ್ಯದ ದೋಣಿಗಳು ಒಂದೊಂದಾಗಿ ನೀರಿನ ಕಡೆಯಿಂದ ಬಂದು ಇಳಿಜಾರಿನ ಬುಡದಲ್ಲಿ ಸಾಲುಗಟ್ಟಿದವು. ಮುಂದಿನದು ಗಡ್ಡದವನದು.

"ಏನಕ್ಕಾ ಇದು ಹೊಸ ವೇಷ? ಇಷ್ಟು ವರ್ಷ ಒಳಗೆ ಬಿಡಲ್ಲ ಅಂತ ಪ್ರಾಣ ತಿಂದೆ. ಈಗ ಹೊರಗೂ ಬಿಡಲ್ವಾ?"

"ಬಿಡಲ್ಲ. ಈ ನೀರಿಗೂ ಚಿಪ್ಪು ಬಂದಿದೆ. ಮೇಲಿನದಕ್ಕೆ ಹೋಗಬಾರ್ದು."

"ಯಾವ ಅಯೋಗ್ಯ ತಂದಿದ್ದು? ಹೆಸರು ಹೇಳು, ನಾನು ವಿಚಾರಿಸ್ಕೊಳ್ತೀನಿ."

ಒಣಗಕ್ಕ ಅಪ್ಪನ ಕಡೆ ನೋಡಿದಳು. ಅವನು ಕುಂಚ ಒರೆಸುತ್ತಿದ್ದ, ತಲೆಯೆತ್ತಲಿಲ್ಲ.

"ನಾನೇ," ಎಂದಳು. "ನನ್ನ ಪೈಪಿನ ನೀರಲ್ಲೇ ಬಂದಿದ್ದು. ಟ್ಯಾಂಕರ್ ತುಂಬ್ತಿದ್ದಿದ್ದು ಕೆಳಗಿನ ಸರೋವರದಲ್ಲಿ. ನಾನು ಕೇಳ್ಲಿಲ್ಲ. ನಿನ್ನ ದೋಣಿಗೂ ಅದನ್ನೇ ಹೊಡೆದಿದ್ದೀನಿ."

ಗಡ್ಡದವನು ಜೋರಾಗಿ ನಕ್ಕ. "ಹಾಗಾದ್ರೆ ಇನ್ಮೇಲೆ ನಿನ್ನ ಮಾತು ನಾನು ಯಾಕೆ ಕೇಳ್ಬೇಕು?"

 ಅವಳು ಗುಂಡಿಯ ನೀರು ಬೀಳುವ ಕಡೆ ಕೈ ತೋರಿಸಿದಳು. "ಕೇಳ್ಬೇಡ. ಆ ಮೂಲೆ ಕಲ್ಲಿನ ಅಡಿಗೆ ಕೈ ಹಾಕು."

ಹಟಕ್ಕೇ ಅವನು ದೋಣಿಯಿಂದ ಹಾರಿ ಕೈ ಹಾಕಿದ. ಹಾ ಎಂದು ಹಿಂದಕ್ಕೆಳೆದುಕೊಂಡ. ಬೆರಳ ತುದಿಯಲ್ಲಿ ರಕ್ತ, ಅಂಗೈಯಲ್ಲಿ ಒಂದು ಚಿಪ್ಪು. ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅಡ್ಡ ನಿಂತಿದ್ದ ಮುದುಕನ ದೋಣಿಯನ್ನು ನೋಡಿದ. ಬೇಸಿಗೆಯಲ್ಲಿ ಅದನ್ನು ನೋಡಿ ಕಣ್ಣು ಹೊಡೆದವನು ಅವನೇ. ಹಲಗೆಯ ಸಂದಿಗಳಿಂದ ಬೆಳಗಿನ ಬಿಸಿಲು ಗೆರೆಗೆರೆಯಾಗಿ ಈಚೆಗೆ ಬರುತ್ತಿತ್ತು.

"ಎಷ್ಟು ದಿನ ಒಣಗಿಸ್ಬೇಕು?" ಎಂದು ಕೇಳಿದ.

ಇಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ತಾನಾಗಿ ಈ ಮಾತು ಕೇಳಿರಲಿಲ್ಲ. ಒಣಗಕ್ಕನಿಗೆ ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿದುಹೋಯಿತು.

"ಈಗ ಕೇಳ್ತೀಯೇನೋ! ಗಂಟಲು ಹರಿಯೋ ಹಾಗೆ ಕಿರುಚಿದೆನಲ್ಲೋ, ಆಗ ಎಲ್ಲಿ ಹೋಗಿತ್ತೋ ನಿನ್ನ ಬಾಯಿ! ಎಲ್ಲಾ ಹಾಳಾದ ಮೇಲೆ ಬಂದು ಎಷ್ಟು ದಿನ ಅಂತ ಕೇಳ್ತೀಯಾ?" ಕೂಗುತ್ತ ಕೂಗುತ್ತ ದನಿ ಒಡೆಯಿತು.

ಅಪ್ಪ ಕುಂಚವನ್ನು ಡಬ್ಬಿಗಿಟ್ಟ. "ಬೈದಿದ್ದು ಸಾಕು. ಕೇಳ್ತಿದಾನಲ್ಲ, ಹೇಳೇ ಮಗಳೇ" ಎಂದ.

ಅವಳು ಮೂಗೊರೆಸಿಕೊಂಡು ಹೇಳಿದಳು. ಮರದ್ದಾದರೆ ಇಷ್ಟು, ಫೈಬರ್ ಆದರೂ ಇಷ್ಟು, ಯಾರಿಗೂ ರಿಯಾಯಿತಿ ಇಲ್ಲ. ಹಿಂದಿನ ದೋಣಿಯವನೊಬ್ಬ ಎದ್ದು ನಿಂತು, "ಏನಂತೆ ಅಲ್ಲಿ?" ಎಂದು ಕೂಗಿದ.

"ಒಣಗಿಸ್ಬೇಕಂತೆ," ಎಂದು ಗಡ್ಡದವನು ಕೂಗಿ ಹೇಳಿದ.